ಸುರಂಗಕ್ಕೆ ನೀರು ನುಗ್ಗಿದೆಯಂತೆ! ನಿಜವೋ ಗಾಳಿಮಾತೋ, ನೋಡೋದು ಹೇಗೆ?

2012ರ ಅಕ್ಟೋಬರ್ 30, ಮಂಗಳವಾರ. ಬೆಳಗ್ಗೆ ಹತ್ತು ಗಂಟೆ ಹೊತ್ತಿಗೆ ದೊಡ್ಡಪ್ಪ ಮೈಸೂರಿನ ನಮ್ಮ ಮನೆಗೆ ಫೋನ್ ಮಾಡಿದರು. ‘ನ್ಯೂಯಾರ್ಕಿನಲ್ಲಿ ರೈಲು ಸುರಂಗಕ್ಕೆ ನೀರು ನುಗ್ಗಿದೆಯಂತೆ ಕಣೋ. ರೈಲಲ್ಲಿ ಇದ್ದವರು ಒಳಗೇ ಸಿಕ್ಕಿಹಾಕಿಕೊಂಡಿದ್ದಾರಂತೆ. ಅಕ್ಕನ ಹತ್ರ ಮಾತಾಡಿದ್ಯಾ?’

ಅಕ್ಕ ಆಗ ಜೆರ್ಸಿ ಸಿಟಿಯಲ್ಲಿದ್ದಳು. ನದಿಯ ಕೆಳಗಿನ ಸುರಂಗದಲ್ಲಿ ಓಡುವ ‘ಪಾತ್’ ರೈಲಿನಲ್ಲಿ ದಿನಾ ನ್ಯೂಯಾರ್ಕಿನ ಮ್ಯಾನ್‌ಹಟ್ಟನ್‌ಗೆ ಕೆಲಸಕ್ಕೆ ಹೋಗುತ್ತಿದ್ದಳು. ಅವಳಿಗೆ ಫೋನ್ ಹತ್ತಲಿಲ್ಲ. ಭಾವನಿಗೂ ಹತ್ತಲಿಲ್ಲ. ಅಮ್ಮ ಒಲೆ ಆರಿಸಿ ದೇವರ ಮನೆಯ ಮುಂದೆ ಕೂತುಬಿಟ್ಟರು. ನಾನು ಟೀವಿಯ ಚಾನೆಲ್ ಬದಲಿಸುತ್ತಾ ಇದ್ದೆ. ಎಲ್ಲ ಕಡೆ ನೀರು, ನೀರು, ನೀರು.

ದೊಡ್ಡಪ್ಪ ಹೇಳಿದ್ದರಲ್ಲಿ ಅರ್ಧ ನಿಜ. ಸ್ಯಾಂಡಿ ಚಂಡಮಾರುತ ಬಂದ ಆ ರಾತ್ರಿ ಸುರಂಗಗಳಿಗೆ ನೀರು ನುಗ್ಗಿತ್ತು. ಪಾತ್ ಸುರಂಗಕ್ಕೂ ನುಗ್ಗಿತ್ತು. ಆದರೆ ಒಳಗೆ ಯಾರೂ ಇರಲಿಲ್ಲ. ಯಾಕೆಂದರೆ ಭಾನುವಾರ ಮಧ್ಯರಾತ್ರಿಗೇ ಪಾತ್ ರೈಲುಗಳನ್ನು ನಿಲ್ಲಿಸಿಬಿಟ್ಟಿದ್ದರು. ನೀರು ಬಂದದ್ದು ಸೋಮವಾರ ರಾತ್ರಿ. ನಿಲ್ಲಿಸುವ ಸುದ್ದಿ ಮುಂಚೆಯೇ ಎಲ್ಲರಿಗೂ ತಿಳಿಯುವ ಹಾಗೆ ಪ್ರಕಟ ಆಗಿತ್ತು. ಅದೊಂದನ್ನು ನಾನು ಓದಿದ್ದರೆ ಅಮ್ಮ ಆ ದಿನ ಅಷ್ಟು ಹೊತ್ತು ಸಂಕಟ ಪಡಬೇಕಿರಲಿಲ್ಲ.

ಆಮೇಲೆ ಬೇರೆ ಬೇರೆ ಊರುಗಳಲ್ಲಿ ಇಂಥದ್ದು ಆದಾಗಲೆಲ್ಲ ನಾನು ಒಂದು ಕ್ರಮದಲ್ಲಿ ನೋಡುತ್ತಾ ಬಂದಿದ್ದೇನೆ. ಅದನ್ನೇ ಇಲ್ಲಿ ಬರೆದಿದ್ದೇನೆ. ಹೆಚ್ಚಿನ ಉದಾಹರಣೆ ಸ್ಯಾಂಡಿಯದ್ದೇ. ಅದರ ಲೆಕ್ಕಪತ್ರ ಇವತ್ತು ಚೆನ್ನಾಗಿ ಸಿಗುತ್ತದೆ, ಅದಕ್ಕೆ.

ಹೆಜ್ಜೆ 1: ಬಿದ್ದುಹೋದ ‘ಅಂತೆ’ಯನ್ನು ಮತ್ತೆ ಸೇರಿಸಿ

ನಮ್ಮ ಭಾಷೆಯಲ್ಲಿ ಒಂದು ಒಳ್ಳೆ ಅನುಕೂಲ ಇದೆ. ಕಣ್ಣಾರೆ ಕಂಡದ್ದಕ್ಕೆ ‘ನೀರು ನುಗ್ಗಿದೆ’ ಅನ್ನುತ್ತೇವೆ. ಬೇರೆಯವರಿಂದ ಕೇಳಿದ್ದಕ್ಕೆ ‘ನುಗ್ಗಿದೆಯಂತೆ’ ಅನ್ನುತ್ತೇವೆ. ಬಾಯಲ್ಲಿ ಹೇಳುವಾಗ ಈ ‘ಅಂತೆ’ ತಾನಾಗಿಯೇ ಬರುತ್ತದೆ. ಬರೆದು ಫಾರ್ವರ್ಡ್ ಮಾಡುವಾಗ ಮಾತ್ರ ಅದು ಬಿದ್ದುಹೋಗುತ್ತದೆ. ದೊಡ್ಡಪ್ಪ ಎರಡು ಸಲ ‘ಅಂತೆ’ ಅಂದಿದ್ದರು. ನಾನು ಅದನ್ನು ಚಿಕ್ಕಮ್ಮನಿಗೆ ಮೆಸೇಜ್ ಮಾಡುವಾಗ ‘ಸುರಂಗ ಮುಳುಗಿದೆ, ಜನ ಸಿಕ್ಕಿಕೊಂಡಿದ್ದಾರೆ’ ಎಂದು ಬರೆದೆ. ಎರಡು ಅಕ್ಷರ ಹೋಯಿತು, ಗಾಳಿಮಾತು ಸುದ್ದಿ ಆಯಿತು.

ಹಾಗಾಗಿ ಬಂದ ಮೆಸೇಜಿನ ಪ್ರತಿ ವಾಕ್ಯಕ್ಕೂ ‘ಅಂತೆ’ ಸೇರಿಸಿ ಓದಿ. ಆಗ ‘ಯಾರಂತೆ? ಯಾರು ಕಂಡದ್ದು?’ ಎಂಬ ಪ್ರಶ್ನೆ ಸುಮ್ನೆ ಎದ್ದು ಬರುತ್ತದೆ.

ಆಮೇಲೆ ಒಂದು ಚೀಟಿ ತಗೊಂಡು ಆ ಸುದ್ದಿಯನ್ನು ಬಿಡಿಬಿಡಿಯಾಗಿ ಬರೆದುಕೊಳ್ಳಿ. ಯಾವ ಸುರಂಗ? ನೀರು ಬಂದಿದ್ದು ಯಾವಾಗ? ಎಷ್ಟು? ಆಗ ರೈಲು ಓಡುತ್ತಿತ್ತಾ? ಒಳಗೆ ಜನ ಇದ್ದರಾ? ಈಗ ಏನು ಸ್ಥಿತಿ? ಸುರಂಗದ ಬಗ್ಗೆ ಬರುವ ಒಂದೊಂದು ಸುದ್ದಿಯೂ ಹೀಗೆ ಐದಾರು ಸುದ್ದಿಗಳ ಗಂಟು. ಅದರಲ್ಲಿ ಒಂದು ಎಳೆ ನಿಜ ಆಗಿದ್ದರೆ ಇಡೀ ಗಂಟನ್ನೇ ನಂಬಿಬಿಡುತ್ತೇವೆ. ನಮ್ಮ ಮನೆಯಲ್ಲಿ ಆದದ್ದು ಅದೇ. ಟೀವಿಯಲ್ಲಿ ನೀರು ಕಂಡಿತು, ಹಾಗಾಗಿ ಜನ ಸಿಕ್ಕಿಕೊಂಡದ್ದೂ ನಿಜ ಇರಬೇಕು ಅಂದುಕೊಂಡೆವು.

ಹೆಜ್ಜೆ 2: ಆಗ ರೈಲು ಓಡುತ್ತಿತ್ತಾ?

ಎಲ್ಲಕ್ಕಿಂತ ಮೊದಲು ಇದನ್ನೇ ನೋಡಿ. ಜೀವದ ಪ್ರಶ್ನೆಗೆ ಉತ್ತರ ಇಲ್ಲೇ ಇರುತ್ತದೆ. ಹುಡುಕುವುದೂ ಸುಲಭ.

ಚಂಡಮಾರುತ ಹೇಳಿ ಬರುವ ನೆಂಟ. ಎರಡು ಮೂರು ದಿನ ಮುಂಚೆಯೇ ದಾರಿ ಗೊತ್ತಾಗುತ್ತದೆ. ಸ್ಯಾಂಡಿಯ ಸಮಯದಲ್ಲಿ ನ್ಯೂಯಾರ್ಕಿನ ಸಬ್‌ವೇ, ಅಂದರೆ ನೆಲದಡಿಯ ಮೆಟ್ರೋ, ನಡೆಸುವ ಎಂಟಿಎ ಸಂಸ್ಥೆ ಭಾನುವಾರ, ಅಂದರೆ ಅಕ್ಟೋಬರ್ 28ರ ಸಂಜೆ 7 ಗಂಟೆಯಿಂದಲೇ ರೈಲು ನಿಲ್ಲಿಸಲು ಶುರು ಮಾಡಿತು. ತಗ್ಗಿನ ಯಾರ್ಡ್‌ಗಳಲ್ಲಿದ್ದ ರೈಲುಗಳನ್ನು ಎತ್ತರದ ಜಾಗಗಳಿಗೆ ಒಯ್ದರು. ಚಂಡಮಾರುತ ನ್ಯೂಜೆರ್ಸಿಯ ಕರಾವಳಿಗೆ ಅಪ್ಪಳಿಸಿದ್ದು ಮರುದಿನ ರಾತ್ರಿ ಎಂಟರ ಸುಮಾರಿಗೆ. ಅಷ್ಟು ಹೊತ್ತಿಗೆ ಪ್ರಯಾಣಿಕರನ್ನು ಹೊತ್ತ ರೈಲು ಒಂದೂ ಸುರಂಗದಲ್ಲಿ ಇರಲಿಲ್ಲ.

ಆದರೆ ಉತ್ತರ ಯಾವಾಗಲೂ ಸಮಾಧಾನದ್ದೇ ಆಗಿರುವುದಿಲ್ಲ. 2021ರ ಜುಲೈ 20ರಂದು ಚೀನಾದ ಝೆಂಗ್‌ಝೌ ನಗರದಲ್ಲಿ ಸಂಜೆ 4ರಿಂದ 5ರ ನಡುವೆ, ಬರೀ ಒಂದು ಗಂಟೆಯಲ್ಲಿ, 201.9 ಮಿಲಿಮೀಟರ್ ಮಳೆ ಸುರಿಯಿತು. ಮೆಟ್ರೋ ಓಡುತ್ತಲೇ ಇತ್ತು. ಐದನೇ ಲೈನಿನ ಡಿಪೋ ಹತ್ತಿರ ನೀರು ತಡೆಯುವ ಗೋಡೆ ಕುಸಿದು, ನೀರು ಸುರಂಗಕ್ಕೆ ಇಳಿಯಿತು. ಜನ ತುಂಬಿದ್ದ ರೈಲು ಎರಡು ಸ್ಟೇಷನ್‌ಗಳ ನಡುವೆ ನಿಂತುಹೋಯಿತು. ಎದೆ ಮಟ್ಟದ ನೀರಿನಲ್ಲಿ, ಮೇಲಿನ ಹಿಡಿಗಳನ್ನು ಹಿಡಿದು ನಿಂತ ಜನರ ವಿಡಿಯೋಗಳು ಆ ಸಂಜೆ ಹರಿದಾಡಿದವು. ಅವು ನಿಜವಾದವೇ. ಆ ಮೆಟ್ರೋದಲ್ಲಿ 14 ಜನ ಪ್ರಾಣ ಕಳೆದುಕೊಂಡರು. 500ಕ್ಕೂ ಹೆಚ್ಚು ಜನರನ್ನು ಹೊರಗೆ ಕರೆತಂದರು.

ಈ ಎರಡು ಪ್ರಕರಣಗಳ ವ್ಯತ್ಯಾಸ ಮನಸ್ಸಿನಲ್ಲಿರಲಿ. ಚಂಡಮಾರುತ, ನದಿಯ ಪ್ರವಾಹ, ಇವುಗಳಲ್ಲಿ ರೈಲು ಮೊದಲೇ ನಿಂತಿರುವ ಸಾಧ್ಯತೆ ಜಾಸ್ತಿ. ಮೋಡ ಒಡೆದ ಹಾಗೆ ಸುರಿಯುವ ಮಳೆ, ಕೊಳವೆ ಒಡೆಯುವುದು, ಗೋಡೆ ಕುಸಿಯುವುದು, ಇವುಗಳಲ್ಲಿ ರೈಲು ಓಡುತ್ತಿರುವ ಸಾಧ್ಯತೆ ಜಾಸ್ತಿ. ಎರಡನೇ ಬಗೆಯಲ್ಲಿ ‘ಸಿಕ್ಕಿಕೊಂಡಿದ್ದಾರಂತೆ’ ಎಂಬ ಮಾತನ್ನು ತಕ್ಷಣ ತಳ್ಳಿಹಾಕಬೇಡಿ.

ಹೆಜ್ಜೆ 3: ಯಾವ ಸುರಂಗ, ಯಾರದ್ದು?

‘ನ್ಯೂಯಾರ್ಕಿನ ಸುರಂಗ’ ಅಂತ ಒಂದು ಸುರಂಗ ಇಲ್ಲ. ನಗರದ ಸಬ್‌ವೇ ಸುರಂಗಗಳು ಎಂಟಿಎ ಕೈಯಲ್ಲಿವೆ. ನ್ಯೂಜೆರ್ಸಿಗೆ ಹೋಗುವ ಪಾತ್ ರೈಲು ಪೋರ್ಟ್ ಅಥಾರಿಟಿ ಎಂಬ ಬೇರೆ ಸಂಸ್ಥೆಯದ್ದು. ಪೆನ್ ಸ್ಟೇಷನ್‌ಗೆ ಹೋಗುವ ದೂರದ ರೈಲುಗಳ ಸುರಂಗ ಆಮ್‌ಟ್ರ್ಯಾಕ್ ಎಂಬ ರೈಲು ಸಂಸ್ಥೆಯದ್ದು. ಇವಲ್ಲದೆ ಕಾರು, ಬಸ್ಸು ಹೋಗುವ ರಸ್ತೆ ಸುರಂಗಗಳಿವೆ. ಸ್ಯಾಂಡಿಯಲ್ಲಿ ನಗರದ ಇನ್ನೊಂದು ಭಾಗವಾದ ಬ್ರೂಕ್ಲಿನ್‌ಗೆ ಹೋಗುವ ಹ್ಯೂ ಕ್ಯಾರಿ ರಸ್ತೆ ಸುರಂಗ ತುಂಬಿಹೋಯಿತು. ಹಾಲೆಂಡ್ ಸುರಂಗಕ್ಕೂ ನೀರು ಬಂತು. ಆದರೆ ಲಿಂಕನ್ ಸುರಂಗ ತೆರೆದೇ ಇತ್ತು. ಒಬ್ಬರು ‘ಸುರಂಗ ತೆರೆದಿದೆ’ ಅಂದರೆ ಇನ್ನೊಬ್ಬರು ‘ಇಲ್ಲ, ಮುಳುಗಿದೆ’ ಅನ್ನುತ್ತಿದ್ದರು. ಇಬ್ಬರ ಮಾತೂ ನಿಜ. ಸುರಂಗ ಮಾತ್ರ ಬೇರೆ ಬೇರೆ.

ಒಂದು ಸಂಸ್ಥೆಯ ಹೇಳಿಕೆಯನ್ನು ಇನ್ನೊಂದರ ಸುರಂಗಕ್ಕೆ ಅಂಟಿಸಬೇಡಿ. ಅಕ್ಕನ ವಿಷಯ ತಿಳಿಯಬೇಕಾದರೆ ನಾನು ನೋಡಬೇಕಿದ್ದದ್ದು ಪೋರ್ಟ್ ಅಥಾರಿಟಿಯ ಪುಟ. ನಾನು ಎಂಟಿಎ ಸುದ್ದಿ ಹುಡುಕುತ್ತಾ ಕೂತಿದ್ದೆ.

ನಮ್ಮ ಕಡೆಗೂ ಇದು ಸಲ್ಲುತ್ತದೆ. 2023ರ ಮೇ 21ರಂದು ಬೆಂಗಳೂರಿನ ಕೆ.ಆರ್. ಸರ್ಕಲ್‌ನಲ್ಲಿ ಮಳೆನೀರು ತುಂಬಿ ಯುವತಿಯೊಬ್ಬರು ತೀರಿಕೊಂಡರು. ಅದು ರಸ್ತೆಯ ಅಂಡರ್‌ಪಾಸ್, ಮೆಟ್ರೋ ಸುರಂಗ ಅಲ್ಲ. ಅದೇ ವರ್ಷ ಏಪ್ರಿಲ್‌ನಲ್ಲಿ ನಲ್ಲೂರಹಳ್ಳಿ ಮೆಟ್ರೋ ಸ್ಟೇಷನ್ ಒಳಗೆ ಮಳೆನೀರು ಬಂದ ವಿಡಿಯೋ ತುಂಬಾ ಓಡಾಡಿತು. ಆ ಸ್ಟೇಷನ್ ಇರುವುದು ಕಂಬದ ಮೇಲೆ. ಅಲ್ಲಿ ಸುರಂಗವೇ ಇಲ್ಲ. ನಿಮ್ಮ ಊರಿನ ಮೆಟ್ರೋದಲ್ಲಿ ಯಾವ ಸ್ಟೇಷನ್ ನೆಲದ ಕೆಳಗಿದೆ, ಯಾವುದು ಮೇಲಿದೆ ಅಂತ ಒಮ್ಮೆ ತಿಳಿದಿಟ್ಟುಕೊಳ್ಳಿ. ಬೆಂಗಳೂರಿನ ನೇರಳೆ ಲೈನಿನಲ್ಲಿ ಎಂ.ಜಿ. ರೋಡ್ ಮೇಲಿದೆ, ಪಕ್ಕದ ಕಬ್ಬನ್ ಪಾರ್ಕ್ ಕೆಳಗಿದೆ. ಇಷ್ಟು ಗೊತ್ತಿದ್ದರೂ ಎಷ್ಟೋ ಫಾರ್ವರ್ಡ್‌ಗಳು ಅಲ್ಲೇ ನಿಲ್ಲುತ್ತವೆ.

ಸ್ಟೇಷನ್ ಬೇರೆ, ಸುರಂಗ ಬೇರೆ ಅನ್ನುವುದೂ ನೆನಪಿರಲಿ. 2025ರ ಮೇ 26ರಂದು ಮುಂಬೈನ ಮೆಟ್ರೋ 3ನೇ ಲೈನಿನ ಆಚಾರ್ಯ ಅತ್ರೆ ಚೌಕ್ ಸ್ಟೇಷನ್‌ಗೆ ನೀರು ನುಗ್ಗಿತು. ಕೆಲಸ ಇನ್ನೂ ನಡೆಯುತ್ತಿದ್ದ ಬಾಗಿಲಿನ ಕಡೆ ನೀರು ತಡೆಯುವ ಗೋಡೆ ಕುಸಿದದ್ದು ಕಾರಣ ಎಂದು ಮೆಟ್ರೋದವರು ಹೇಳಿದರು. ವರ್ಲಿಯಿಂದ, ಆಗ ಕೊನೆಯದಾಗಿದ್ದ ಆ ಸ್ಟೇಷನ್‌ವರೆಗೆ ಓಡಾಟ ನಿಲ್ಲಿಸಿದರು, ಉಳಿದ ಕಡೆ ರೈಲು ಓಡಿತು. ಅದನ್ನು ‘ಮುಂಬೈ ಮೆಟ್ರೋ ಮುಳುಗಿತು’ ಎಂದು ಓದಿದವರಿಗೆ ಕಾಣುವ ಚಿತ್ರವೇ ಬೇರೆ, ಅಲ್ವಾ?

ಹೆಜ್ಜೆ 4: ಗಡಿಯಾರ ನೋಡಿ

ನ್ಯೂಯಾರ್ಕಿನಲ್ಲಿ ಸೋಮವಾರ ರಾತ್ರಿ 9.30 ಆದಾಗ ನಮ್ಮಲ್ಲಿ ಮಂಗಳವಾರ ಬೆಳಗ್ಗೆ 7 ಗಂಟೆ. ‘ಮಂಗಳವಾರ ಬೆಳಗ್ಗೆ ಜನ ಕೆಲಸಕ್ಕೆ ಹೋಗುವ ಹೊತ್ತಿಗೆ ನೀರು ನುಗ್ಗಿತು’ ಅಂತ ನಮ್ಮ ಬೀದಿಯಲ್ಲಿ ಒಬ್ಬರು ಹೇಳಿದರು. ಅವರು ಸುಳ್ಳು ಹೇಳಲಿಲ್ಲ. ಟೀವಿಯಲ್ಲಿ ನೋಡಿದ ನಮ್ಮ ಬೆಳಗನ್ನು ಅಲ್ಲಿನ ಬೆಳಗು ಅಂದುಕೊಂಡರು, ಅಷ್ಟೇ. ಅದರಿಂದ ಖಾಲಿ ಸುರಂಗದಲ್ಲಿ ಜನ ತುಂಬಿದ ರೈಲು ಹುಟ್ಟಿಕೊಂಡಿತು. ಅಮೆರಿಕದಲ್ಲಿ ನವೆಂಬರ್ ಮೊದಲ ಭಾನುವಾರ ಗಡಿಯಾರ ಒಂದು ಗಂಟೆ ಹಿಂದೆ ಹೋಗುತ್ತದೆ. ಆಮೇಲೆ ವ್ಯತ್ಯಾಸ ಹತ್ತೂವರೆ ಗಂಟೆ. ಸ್ಕ್ರೀನ್‌ಶಾಟ್‌ನಲ್ಲಿ ಕಾಣುವ ಸಮಯ ಅದನ್ನು ತೆಗೆದವರ ಫೋನಿನದ್ದು ಎಂಬುದನ್ನೂ ಮರೆಯಬೇಡಿ.

ಹೆಜ್ಜೆ 5: ಸಂಖ್ಯೆ ಬಂದರೆ ‘ಎಲ್ಲಿಂದ ಅಳೆದದ್ದು?’ ಅಂತ ಕೇಳಿ

ಸಂಖ್ಯೆ ಇದ್ದರೆ ಸುದ್ದಿಗೆ ತೂಕ ಬರುತ್ತದೆ. ಅದಕ್ಕೇ ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲೋಣ.

ಸ್ಯಾಂಡಿಯ ರಾತ್ರಿ ಮ್ಯಾನ್‌ಹಟ್ಟನ್ ದಕ್ಷಿಣ ತುದಿಯ ಬ್ಯಾಟರಿ ಎಂಬಲ್ಲಿ ನೀರಿನ ಮಟ್ಟ ಸುಮಾರು 14 ಅಡಿ ಮುಟ್ಟಿತು. ಇದು ಅಳತೆಯಲ್ಲಿ ಸಿಕ್ಕ ನಿಜವಾದ ಸಂಖ್ಯೆ. ಇದನ್ನು ಕೇಳಿದವರು ‘ಬೀದಿಯಲ್ಲಿ 14 ಅಡಿ ನೀರು’ ಅಂದುಕೊಂಡರು. ಆದರೆ ಆ 14 ಅಡಿಯನ್ನು ಅಳೆಯುವುದು ಬೀದಿಯಿಂದ ಅಲ್ಲ, ಸಮುದ್ರದ ಇಳಿತದ ಸರಾಸರಿ ಮಟ್ಟದಿಂದ. ಮಾಮೂಲಿ ದಿನವೂ ಉಬ್ಬರದ ನೀರು ಆ ಅಳತೆಯಲ್ಲಿ 5 ಅಡಿ ಹತ್ತಿರ ಬರುತ್ತದೆ. ಬೀದಿ ಅದಕ್ಕಿಂತಲೂ ಎತ್ತರದಲ್ಲಿದೆ. ಹಾಗಾಗಿ ಬೀದಿಯಲ್ಲಿ ನಿಂತ ನೀರು ಜಾಗದಿಂದ ಜಾಗಕ್ಕೆ ಬೇರೆ, ಮತ್ತು 14 ಅಡಿಗಿಂತ ತುಂಬಾ ಕಡಿಮೆ. ನಮ್ಮಲ್ಲಿ ಅಣೆಕಟ್ಟಿನ ಮಟ್ಟ ಹೇಳುವಾಗಲೂ ಹೀಗೇ ಅಲ್ವಾ? ಕೆಆರ್‌ಎಸ್‌ನಲ್ಲಿ 124.80 ಅಡಿ ಅಂದರೆ ಅದು ಅಣೆಕಟ್ಟಿನ ಅಳತೆ ಕೋಲಿನ ಲೆಕ್ಕ. ಮಂಡ್ಯದ ಬೀದಿಯಲ್ಲಿ ನೀರು ನಿಂತ ಲೆಕ್ಕ ಅಲ್ಲ.

ಇನ್ನೊಂದು ಗ್ಯಾಲನ್. ಅಮೆರಿಕದ ಒಂದು ಗ್ಯಾಲನ್ ಅಂದರೆ ಸುಮಾರು 3.8 ಲೀಟರ್. ಬ್ರೂಕ್ಲಿನ್‌ಗೆ ಹೋಗುವ ಮಾಂಟೆಗ್ಯೂ ಸುರಂಗಕ್ಕೆ 27 ಮಿಲಿಯನ್ ಗ್ಯಾಲನ್ ನೀರು ನುಗ್ಗಿತ್ತು. ನಮ್ಮ ಲೆಕ್ಕದಲ್ಲಿ 2.7 ಕೋಟಿ ಗ್ಯಾಲನ್, ಅಂದರೆ ಹತ್ತು ಕೋಟಿ ಲೀಟರ್ ಹತ್ತಿರ. ಇಂಥದ್ದನ್ನು ಅವಸರದಲ್ಲಿ ಕನ್ನಡಕ್ಕೆ ತರುವಾಗ ‘27 ಕೋಟಿ ಲೀಟರ್’ ಆಗಿಬಿಡುವುದು ಸುಲಭ. ಮಿಲಿಯನ್‌ನಿಂದ ಕೋಟಿಗೆ ಹೋಗುವಾಗ ಹತ್ತರಿಂದ ಭಾಗಿಸಿದ್ದೀರಾ, ಗ್ಯಾಲನ್‌ನಿಂದ ಲೀಟರ್‌ಗೆ ಹೋಗುವಾಗ ಗುಣಿಸಿದ್ದೀರಾ, ಎರಡನ್ನೂ ನೋಡಿಕೊಳ್ಳಿ.

ಹೆಚ್ಚು ಜನರಿಗೆ ಗೊತ್ತಿಲ್ಲದ ಒಂದು ವಿಷಯ ಇದೆ. ಮಳೆಯೇ ಇಲ್ಲದ ದಿನವೂ ನ್ಯೂಯಾರ್ಕ್ ಸಬ್‌ವೇಯಿಂದ ಸುಮಾರು 13 ಮಿಲಿಯನ್ ಗ್ಯಾಲನ್ ನೀರನ್ನು ಪಂಪ್ ಮಾಡಿ ಹೊರಗೆ ಹಾಕುತ್ತಾರೆ. ಅಂದರೆ ಸುಮಾರು ಐದು ಕೋಟಿ ಲೀಟರ್. ನೆಲದ ಕೆಳಗೆ ತೋಡಿದ ಯಾವ ಸುರಂಗಕ್ಕೂ ನೀರು ಜಿನುಗುತ್ತಲೇ ಇರುತ್ತದೆ. ಬಾವಿ ತೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಾಗಾಗಿ ಹಳಿಗಳ ನಡುವೆ ನೀರು ಹರಿಯುವ ವಿಡಿಯೋ ಒಂದೇ ಕಂಡರೆ ‘ಸುರಂಗ ಮುಳುಗಿತು’ ಅಂತ ಹೇಳಲು ಬರುವುದಿಲ್ಲ. ನೀರು ಹಳಿಯ ಮೇಲೆ ಬಂದಿದೆಯಾ, ಪ್ಲಾಟ್‌ಫಾರ್ಮ್ ಮುಟ್ಟಿದೆಯಾ, ಅದನ್ನು ನೋಡಿ.

ಎಣಿಕೆ ಬದಲಾದರೆ ಅದನ್ನು ತಕ್ಷಣ ಸುಳ್ಳು ಅನ್ನಬೇಡಿ. ಎಂಟಿಎ ಮುಖ್ಯಸ್ಥ ಜೋಸೆಫ್ ಲೋಟಾ ಮರುದಿನ ಕೊಟ್ಟ ಹೇಳಿಕೆಯಲ್ಲಿ, ಈಸ್ಟ್ ನದಿಯ ಕೆಳಗಿನ ಏಳು ಸಬ್‌ವೇ ಸುರಂಗಗಳಿಗೆ ನೀರು ನುಗ್ಗಿದೆ ಅಂದರು. ಮುಂದೆ ದುರಸ್ತಿಯ ಪಟ್ಟಿಯಲ್ಲಿ ಏಳಕ್ಕಿಂತ ಜಾಸ್ತಿ ಸುರಂಗಗಳಿದ್ದವು. ಮೊದಲ ದಿನದ ಕಣ್ಣಳತೆಗೂ ಇಳಿದು ನೋಡಿದ ಮೇಲಿನ ಲೆಕ್ಕಕ್ಕೂ ವ್ಯತ್ಯಾಸ ಇದ್ದೇ ಇರುತ್ತದೆ. ಸಂಖ್ಯೆಯ ಪಕ್ಕದಲ್ಲಿ ಅದನ್ನು ಹೇಳಿದ ದಿನಾಂಕ ಬರೆದುಕೊಂಡರೆ ಗೊಂದಲ ಇರುವುದಿಲ್ಲ.

ಹೆಜ್ಜೆ 6: ಫೋಟೋ ಕಂಡರೂ ಪ್ರಮಾಣಿಸಿ

‘ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು’ ಎಂಬ ಗಾದೆ ನಮ್ಮಲ್ಲಿದೆ. ಸ್ಯಾಂಡಿಯ ವಾರದಲ್ಲಿ ಇದು ಎರಡೂ ಕಡೆಗೆ ಸಲ್ಲಿತು. ನಂಬಬಹುದು ಅನ್ನಿಸಿದ್ದು ಸುಳ್ಳಾಯಿತು, ನಂಬಲಾಗದು ಅನ್ನಿಸಿದ್ದು ನಿಜ ಆಯಿತು.

ಮೊದಲು ಸುಳ್ಳಾದವು. ನ್ಯೂಜೆರ್ಸಿಯ ಬೀದಿಯಲ್ಲಿ ಶಾರ್ಕ್ ಈಜುತ್ತಿದೆ ಎಂಬ ಫೋಟೋ ಕಂಪ್ಯೂಟರಿನಲ್ಲಿ ಅಂಟಿಸಿದ್ದು. ಸ್ಯಾಂಡಿಯ ಮಳೆಯಲ್ಲೂ ನೆನೆಯುತ್ತಾ ‘ಅಜ್ಞಾತ ಸೈನಿಕರ ಸಮಾಧಿ’ ಕಾಯುತ್ತಿದ್ದಾರೆ ಎಂದು ಹರಡಿದ ಸೈನಿಕರ ಫೋಟೋ ನಿಜವಾದದ್ದೇ, ಆದರೆ ತೆಗೆದದ್ದು ಹಿಂದಿನ ತಿಂಗಳು. ಈ ಎರಡನೇ ಬಗೆ ಹೆಚ್ಚು ಅಪಾಯ. ಅದರಲ್ಲಿ ಕೃತಕ ಏನೂ ಇರುವುದಿಲ್ಲ, ಹಾಗಾಗಿ ಎಷ್ಟು ದಿಟ್ಟಿಸಿದರೂ ತಪ್ಪು ಸಿಗುವುದಿಲ್ಲ. ಅದೇ ವರ್ಷ ಜೂನ್ 1ರಂದು ಕೆನಡಾದ ಟೊರೊಂಟೊದ ಯೂನಿಯನ್ ಸ್ಟೇಷನ್‌ಗೆ ನೀರು ನುಗ್ಗಿತ್ತು. ಆ ನಿಜವಾದ ಫೋಟೋಗೆ ಯಾರೋ ಶಾರ್ಕ್‌ಗಳನ್ನು ಸೇರಿಸಿ, ಕುವೈತ್‌ನಲ್ಲಿ ಮೀನಿನ ತೊಟ್ಟಿ ಒಡೆದದ್ದು ಅಂತ ಹರಿಬಿಟ್ಟರು. ಒಂದು ಊರಿನ ರೈಲು ಸ್ಟೇಷನ್ ಇನ್ನೊಂದು ದೇಶದ ಸುದ್ದಿ ಆಯಿತು.

ಈಗ ನಿಜವಾದದ್ದು. ನ್ಯೂಜೆರ್ಸಿಯ ಹೊಬೋಕನ್ ಪಾತ್ ಸ್ಟೇಷನ್‌ನ ಲಿಫ್ಟ್ ಬಾಗಿಲಿನ ಸಂದಿಯಿಂದ ನೀರು ಧುಮ್ಮಿಕ್ಕುತ್ತಿರುವ ಒಂದು ಚಿತ್ರ. ಸಿನಿಮಾದ್ದು ಅನ್ನಿಸುವಷ್ಟು ಭಯಂಕರ. ನಾನಂತೂ ಸುಳ್ಳು ಅಂತಲೇ ಅಂದುಕೊಂಡೆ. ಅದು ಸ್ಟೇಷನ್‌ನ ಸಿಸಿ ಕ್ಯಾಮೆರಾದಲ್ಲಿ ಸೆರೆಯಾದ ಚಿತ್ರ. ಪೋರ್ಟ್ ಅಥಾರಿಟಿಯವರೇ ಹೊರಗೆ ಬಿಟ್ಟದ್ದು. ಚಿತ್ರ ಎಷ್ಟು ಭಯಂಕರ ಅನ್ನುವುದರಿಂದ ಅದು ನಿಜವೋ ಸುಳ್ಳೋ ಗೊತ್ತಾಗುವುದಿಲ್ಲ. ಯಾರ ಕೈಯಿಂದ ಹೊರಗೆ ಬಂತು ಎಂಬುದರಿಂದ ಗೊತ್ತಾಗುತ್ತದೆ.

ಮಾಡಬೇಕಾದದ್ದು ಇಷ್ಟು. ಫೋಟೋವನ್ನು ಗೂಗಲ್ ಲೆನ್ಸ್‌ಗೆ ಹಾಕಿ. ಅದೇ ಚಿತ್ರ ಹಳೆಯ ದಿನಾಂಕದಲ್ಲಿ ಸಿಕ್ಕರೆ ಕೆಲಸ ಮುಗಿಯಿತು. ವಿಡಿಯೋ ಆದರೆ ನಡುವೆ ನಿಲ್ಲಿಸಿ, ಸ್ಕ್ರೀನ್‌ಶಾಟ್ ತೆಗೆದು ಹಾಗೇ ಹುಡುಕಿ. ಸಿಗಲಿಲ್ಲವಾದರೆ ಚಿತ್ರದ ಒಳಗೆ ನೋಡಿ: ಸ್ಟೇಷನ್ ಹೆಸರಿನ ಫಲಕ, ಅದರ ಭಾಷೆ, ರೈಲಿನ ಬಣ್ಣ, ಗೋಡೆಯ ಟೈಲ್ಸ್, ಜನ ಹಾಕಿದ ಬಟ್ಟೆ. ಅಕ್ಟೋಬರ್ ಕೊನೆಯ ನ್ಯೂಯಾರ್ಕಿನಲ್ಲಿ ತೆಳು ಅಂಗಿ ಹಾಕಿ ನಿಲ್ಲುವವರು ಕಡಿಮೆ. ಕೊನೆಗೆ ಸಂಸ್ಥೆಯ ಸ್ವಂತ ಫೋಟೋಗಳ ಜೊತೆ ಹೋಲಿಸಿ. ಎಂಟಿಎ ಆಗ ನೀರು ತುಂಬಿದ ಸ್ಟೇಷನ್‌ಗಳ ಫೋಟೋ, ವಿಡಿಯೋಗಳನ್ನು ತಾನೇ ಪ್ರಕಟಿಸುತ್ತಿತ್ತು.

ದೆಹಲಿಯ ಐಐಐಟಿಯ ಸಂಶೋಧಕರು ತಮ್ಮ ಜೊತೆಗಾರರ ಸಂಗಡ ಸ್ಯಾಂಡಿಯ ಸುಳ್ಳು ಫೋಟೋಗಳ ಬಗ್ಗೆಯೇ ಅಧ್ಯಯನ ಮಾಡಿದರು. ಅಂಥ ಫೋಟೋ ಇದ್ದ ಹತ್ತು ಸಾವಿರಕ್ಕೂ ಹೆಚ್ಚು ಟ್ವೀಟ್‌ಗಳನ್ನು ಪರಿಶೀಲಿಸಿದರು. ಅದರಲ್ಲಿ 86 ಶೇಕಡಾ ಬರೀ ರೀಟ್ವೀಟ್, ಅಂದರೆ ಫಾರ್ವರ್ಡ್. ಆ ಫಾರ್ವರ್ಡ್‌ಗಳಲ್ಲಿ 90 ಶೇಕಡಾ ಶುರುವಾದದ್ದು ಬರೀ 30 ಖಾತೆಗಳಿಂದ. ಸುಳ್ಳು ಹುಟ್ಟಿಸುವವರು ಬೆರಳೆಣಿಕೆ, ಹೊತ್ತು ತಿರುಗುವವರು ನಮ್ಮಂಥವರು. ಇದನ್ನು ಓದಿದಾಗ ಚಿಕ್ಕಮ್ಮನಿಗೆ ಕಳಿಸಿದ ಮೆಸೇಜ್ ನೆನಪಾಗಿ ನನಗೆ ತುಂಬಾ ಬೇಸರ ಆಯಿತು.

ಹೆಜ್ಜೆ 7: ನಾಲ್ಕು ಬಾಯಿ, ಒಂದೇ ಮೂಲ

‘ಟೀವಿಯಲ್ಲೇ ಬಂತು’ ಅಂದರೆ ಸಾಕಾ? ಸಾಲದು. ಆ ರಾತ್ರಿ ಹೆಸರು ಹೇಳದ ಒಂದು ಟ್ವಿಟರ್ ಖಾತೆ, ನ್ಯೂಯಾರ್ಕ್ ಷೇರುಪೇಟೆಯ ವಹಿವಾಟಿನ ಕೋಣೆಯಲ್ಲಿ ಮೂರು ಅಡಿಗಿಂತ ಹೆಚ್ಚು ನೀರು ನಿಂತಿದೆ, ಇದು ಖಚಿತ, ಅಂತ ಬರೆಯಿತು. ಸುದ್ದಿ ಸಿಎನ್‌ಎನ್ ಟೀವಿಗೂ ಬಂತು. ಅಲ್ಲಿಂದ ಜಗತ್ತಿಗೆಲ್ಲ ಹರಡಿತು. ಷೇರುಪೇಟೆಯವರು ಹಾಗೇನೂ ಆಗಿಲ್ಲ ಅಂದರು. ಬುಧವಾರ, ಅಕ್ಟೋಬರ್ 31ರಂದು, ಪೇಟೆ ತೆರೆಯಿತು. ಹತ್ತಿರದ ಸಬ್‌ವೇ ಸ್ಟೇಷನ್‌ಗೆ ನಿಜವಾಗಿ ನೀರು ನುಗ್ಗಿತ್ತಲ್ಲ, ಹಾಗಾಗಿ ಈ ಸುಳ್ಳೂ ನಂಬುವ ಹಾಗಿತ್ತು. ವಿದ್ಯುತ್ ಘಟಕದಲ್ಲಿ 19 ಕೆಲಸಗಾರರು ಸಿಕ್ಕಿಕೊಂಡಿದ್ದಾರೆ ಎಂಬ ಸುದ್ದಿಯೂ ಹೀಗೇ ದೊಡ್ಡ ಸುದ್ದಿಸಂಸ್ಥೆಯ ಮೂಲಕ ಹರಡಿ, ಆಮೇಲೆ ಸುಳ್ಳು ಅಂತ ಗೊತ್ತಾಯಿತು.

ಹತ್ತು ಕಡೆ ಬಂದ ಸುದ್ದಿ ಹತ್ತು ಸಾಕ್ಷಿ ಅಲ್ಲ. ಹತ್ತೂ ಒಂದೇ ಬಾಯಿಂದ ಬಂದಿರಬಹುದು. ಸುದ್ದಿಯ ಒಳಗೆ ‘ಯಾರು ಹೇಳಿದರು’ ಅನ್ನುವ ಜಾಗ ಹುಡುಕಿ. ‘ವರದಿಗಳ ಪ್ರಕಾರ’, ‘ಬಲ್ಲ ಮೂಲಗಳಿಂದ’ ಅಂತ ಮಾತ್ರ ಇದ್ದರೆ ಇನ್ನೂ ಕಾಯಿರಿ. ಸ್ಥಳದಲ್ಲಿದ್ದವರ ಮಾತು, ಸುರಂಗ ನಡೆಸುವವರ ಮಾತು, ಈ ಎರಡೂ ಬೇರೆ ಬೇರೆ ಕಡೆಯಿಂದ ಬಂದು ಒಂದೇ ವಿಷಯ ಹೇಳಿದರೆ ಆಗ ‘ಅಂತೆ’ ತೆಗೆಯಬಹುದು.

ಹೆಜ್ಜೆ 8: ಅಧಿಕಾರಿಗಳ ಮಾತಿಗೂ ದಿನಾಂಕ ಹಾಕಿ

ಇದನ್ನು ಬರೆಯುವುದು ಕಷ್ಟ. ಅಧಿಕಾರಿಗಳನ್ನು ನಂಬಿ ಅಂತ ಇಷ್ಟು ಹೊತ್ತು ಹೇಳಿದ ಹಾಗಾಯಿತು. ಆದರೆ ಝೆಂಗ್‌ಝೌದಲ್ಲಿ ಏನಾಯಿತು ನೋಡಿ. 2022ರ ಜನವರಿಯಲ್ಲಿ ಚೀನಾದ ಕೇಂದ್ರ ಸರ್ಕಾರದ ತನಿಖಾ ವರದಿ ಬಂತು. ಮೆಟ್ರೋದಲ್ಲಿ ಮಾತ್ರವಲ್ಲ, ಆ ನಗರ ಇರುವ ಇಡೀ ಹೆನಾನ್ ಪ್ರಾಂತ್ಯದಲ್ಲಿ ಆ ಮಳೆಗೆ ಸತ್ತವರು, ಕಾಣೆಯಾದವರು ಒಟ್ಟು 398. ಅವರಲ್ಲಿ 380 ಜನ ಝೆಂಗ್‌ಝೌದವರು. ಬೇರೆ ಬೇರೆ ಹಂತದಲ್ಲಿ 139 ಜನರ ಲೆಕ್ಕವನ್ನು ಮುಚ್ಚಿಟ್ಟಿದ್ದರು ಎಂದು ಆ ವರದಿಯೇ ಹೇಳಿತು. ‘ಹೇಳಿದ್ದಕ್ಕಿಂತ ಜಾಸ್ತಿ ಜನ ಸತ್ತಿದ್ದಾರಂತೆ’ ಅಂತ ಊರಿನವರು ಆಡಿಕೊಂಡ ಮಾತಿನಲ್ಲಿ ಹುರುಳಿತ್ತು.

ಇದಕ್ಕೆ ತಿರುವುಮುರುವಾದದ್ದೂ ಇದೆ. 1945ರಲ್ಲಿ ಯುದ್ಧದ ಕೊನೆಯ ದಿನಗಳಲ್ಲಿ ಬರ್ಲಿನ್‌ನ ಕಾಲುವೆಯ ಕೆಳಗಿನ ರೈಲು ಸುರಂಗವನ್ನು ಸ್ಫೋಟಿಸಿದರು, ನೀರು ತುಂಬಿತು. ಸಾವಿರಾರು ಜನ ಮುಳುಗಿ ಸತ್ತರು ಎಂಬ ಮಾತು ದಶಕಗಳ ಕಾಲ ಓಡಾಡಿತು. ನೀರು ತೆಗೆದ ಮೇಲೆ ಸಿಕ್ಕ ಶವಗಳು ಅದಕ್ಕಿಂತ ಎಷ್ಟೋ ಕಡಿಮೆ.

ಹಾಗಾದರೆ ಏನು ಮಾಡೋದು? ರೈಲು ಓಡುತ್ತಿತ್ತಾ, ಯಾವ ಸ್ಟೇಷನ್ ಮುಚ್ಚಿದೆ, ಇಂಥದ್ದಕ್ಕೆ ಸಂಸ್ಥೆಯ ಮಾತನ್ನು ಅದೇ ದಿನ ನಂಬಬಹುದು. ಸುಳ್ಳು ಹೇಳಿದರೆ ಸ್ಟೇಷನ್‌ಗೆ ಹೋದ ಜನರಿಗೇ ಗೊತ್ತಾಗುತ್ತದೆ. ಎಷ್ಟು ಜನ ಸತ್ತರು, ತಪ್ಪು ಯಾರದ್ದು, ಇದಕ್ಕೆ ಮೊದಲ ದಿನದ ಮಾತನ್ನು ಕೊನೆಯ ಮಾತು ಅಂದುಕೊಳ್ಳಬೇಡಿ. ಜನ ಆಡುವ ದೊಡ್ಡ ಸಂಖ್ಯೆಯನ್ನೂ ಹಿಡಿದುಕೊಳ್ಳಬೇಡಿ. ‘ಇಂಥ ದಿನದವರೆಗೆ ಇಷ್ಟು’ ಅಂತ ಬರೆದಿಟ್ಟು ಕಾಯಿರಿ.

ಆಮೇಲಿನ ತಿಂಗಳುಗಳಲ್ಲಿ ಇನ್ನೊಂದು ಬಗೆಯ ಗಾಳಿಮಾತು ಏಳುತ್ತದೆ. ‘ಸರಿ ಹೋಗಿದೆ ಅಂದ್ರು, ಮತ್ತೆ ಮುಚ್ಚಿದ್ರು. ಏನೋ ಮುಚ್ಚಿಡ್ತಿದ್ದಾರೆ’ ಅಂತ. ಇಲ್ಲಿ ನೀರು ತೆಗೆಯುವುದು, ತೆರೆಯುವುದು, ದುರಸ್ತಿ ಮಾಡುವುದು, ಈ ಮೂರನ್ನೂ ಬೇರೆ ಬೇರೆಯಾಗಿ ನೋಡಬೇಕು. ಸ್ಯಾಂಡಿಯಲ್ಲಿ ನುಗ್ಗಿದ್ದು ಉಪ್ಪುನೀರು. ಪಂಪು ನೀರನ್ನು ಹೀರುತ್ತದೆ, ಉಪ್ಪು ಉಳಿಯುತ್ತದೆ. ಅದು ಸಿಗ್ನಲ್, ಕೇಬಲ್, ಕಾಂಕ್ರೀಟ್ ಒಳಗಿನ ಕಬ್ಬಿಣ, ಎಲ್ಲವನ್ನೂ ನಿಧಾನಕ್ಕೆ ತಿನ್ನುತ್ತದೆ. ಸಬ್‌ವೇ ಸ್ವಲ್ಪ ಭಾಗ ನವೆಂಬರ್ 1ಕ್ಕೇ ಓಡಿತು. ಹೊಬೋಕನ್ ಪಾತ್ ಸ್ಟೇಷನ್ ತೆರೆದದ್ದು ಡಿಸೆಂಬರ್ 19ಕ್ಕೆ. ಮಾಂಟೆಗ್ಯೂ ಸುರಂಗದಲ್ಲಿ ಡಿಸೆಂಬರ್‌ನಲ್ಲೇ ರೈಲು ಶುರುವಾದರೂ, ದುರಸ್ತಿಗೆಂದು 2013ರ ಆಗಸ್ಟ್‌ನಿಂದ 13 ತಿಂಗಳು ಮುಚ್ಚಿದರು. 2009ರಲ್ಲಷ್ಟೇ ಹೊಸದಾಗಿ ಕಟ್ಟಿದ್ದ ಸೌತ್ ಫೆರಿ ಸಬ್‌ವೇ ಸ್ಟೇಷನ್ ಮತ್ತೆ ತೆರೆದದ್ದು 2017ರ ಜೂನ್‌ನಲ್ಲಿ. ಇದರಲ್ಲಿ ಮುಚ್ಚುಮರೆ ಏನಿಲ್ಲ. ಉಪ್ಪಿನ ಕೆಲಸ ಹಾಗೆ.

ಹೆಜ್ಜೆ 9: ನಿಮ್ಮವರು ಅಲ್ಲಿದ್ದರೆ

ಮೇಲಿಂದ ಮೇಲೆ ಕರೆ ಮಾಡಬೇಡಿ. ಅನಾಹುತದ ಹೊತ್ತಿನಲ್ಲಿ ಲೈನ್ ತುಂಬಿರುತ್ತದೆ, ಅವರ ಫೋನಿನ ಚಾರ್ಜ್ ಕೂಡ ಮುಖ್ಯ. ಒಂದು ಚಿಕ್ಕ ಮೆಸೇಜ್ ಕಳಿಸಿ. ಕರೆ ಹೋಗದ ಕಡೆಗೂ ಮೆಸೇಜ್ ಹೋಗುವ ಸಾಧ್ಯತೆ ಹೆಚ್ಚು. ‘ಹೇಗಿದ್ದೀಯಾ, ಏನಾಯ್ತು, ಎಲ್ಲಿದ್ದೀಯಾ’ ಅಂತೆಲ್ಲ ಬೇಡ. ‘ಕ್ಷೇಮ ಅಂತ ಒಂದು ಪದ ಬರಿ’ ಅಂದರೆ ಸಾಕು. ಮನೆಯಿಂದ ಒಬ್ಬರೇ ಕಳಿಸಿ, ಉತ್ತರ ಬಂದ ಮೇಲೆ ಅವರೇ ಉಳಿದವರಿಗೆಲ್ಲ ತಿಳಿಸಲಿ.

ಉತ್ತರ ಬರುವವರೆಗೆ ಮನೆಯ ಹಿರಿಯರಿಗೆ ಖಚಿತವಾಗಿ ಗೊತ್ತಿರುವುದನ್ನು ಮಾತ್ರ ಹೇಳಿ. ‘ಅಮ್ಮ, ರೈಲು ಭಾನುವಾರವೇ ನಿಂತಿದೆ. ಅವಳು ರೈಲಲ್ಲಿ ಇಲ್ಲ. ಕರೆಂಟ್ ಹೋಗಿರೋದಕ್ಕೆ ಫೋನ್ ಹತ್ತುತ್ತಿಲ್ಲ ಅನ್ಸುತ್ತೆ.’ ಈ ಮೂರು ಮಾತಲ್ಲಿ ಎರಡು ಖಚಿತ, ಒಂದು ಊಹೆ. ಊಹೆಯನ್ನು ಊಹೆ ಅಂತಲೇ ಹೇಳಬೇಕು. ನಾಳೆ ಅದು ತಪ್ಪಾದರೂ ಉಳಿದ ಎರಡನ್ನು ಅವರು ನಂಬುತ್ತಾರೆ.

ತಪ್ಪು ಸುದ್ದಿ ನೀವೇ ಕಳಿಸಿಬಿಟ್ಟಿದ್ದರೆ? ಸದ್ದಿಲ್ಲದೆ ಅಳಿಸಿದರೆ ಸಾಲದು. ಆಗಲೇ ಓದಿದವರು ಅದನ್ನು ಮುಂದೆ ಹೇಳಿರುತ್ತಾರೆ. ಅದೇ ಗುಂಪಿಗೆ, ಅದೇ ಜನಕ್ಕೆ ಇನ್ನೊಂದು ಮೆಸೇಜ್ ಹಾಕಿ. ಮೊದಲ ಸಾಲಿನಲ್ಲೇ ಸರಿಯಾದ ಸಂಗತಿ ಇರಲಿ, ಹಳೆಯ ತಪ್ಪನ್ನು ಮತ್ತೆ ಪೂರ್ತಿ ಬರೆಯಬೇಡಿ. ಎಲ್ಲಿ ನೋಡಿದಿರಿ ಅನ್ನುವುದನ್ನೂ ಸೇರಿಸಿ.

ಅಕ್ಕನ ಮೆಸೇಜ್ ಬಂದದ್ದು ಆ ಸಂಜೆ ಏಳೂವರೆಗೆ. ‘ಕರೆಂಟ್ ಇಲ್ಲ. ಎರಡು ದಿನದಿಂದ ಮನೇಲೇ ಇದ್ದೀವಿ. ಅಮ್ಮಂಗೆ ಹೇಳು.’ ನಾನು ಅಮ್ಮನಿಗೆ ಓದಿ ಹೇಳಿದೆ. ಆಮೇಲೆ ದೊಡ್ಡಪ್ಪನಿಗೆ, ಚಿಕ್ಕಮ್ಮನಿಗೆ, ಬೆಳಗ್ಗೆಯಿಂದ ಯಾರ್ಯಾರಿಗೆ ಆ ಸುದ್ದಿ ಮುಟ್ಟಿಸಿದ್ದೆನೋ ಅವರೆಲ್ಲರಿಗೂ ಒಬ್ಬೊಬ್ಬರಿಗೇ ಫೋನ್ ಮಾಡಿದೆ. ಮುಗಿಯುವಾಗ ರಾತ್ರಿ ಹತ್ತಾಗಿತ್ತು.